ನಿಂತ ಕಿಲ್ನಿನ ಸುತ್ತು

ಕಿಲ್ನ್ ನಿಂತಿತ್ತು. ಕಣ್ಣಿದ್ದವರು ಯಾರು ನೋಡಿದರೂ ಅದನ್ನು ಹೇಳಬಹುದಿತ್ತು. ಕಂಟ್ರೋಲ್ ರೂಮಿನ ಪರದೆ ಮಾತ್ರ ಅದು ತಿರುಗುತ್ತಿದೆ ಎನ್ನುತ್ತಿತ್ತು.

ಕಾಗಿಣಾ ನದಿಯ ದಂಡೆಯ ಆ ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್ ಎಂದರೆ ಸುಣ್ಣಕಲ್ಲನ್ನು ಸುಡುವ ದೈತ್ಯ ಉಕ್ಕಿನ ಕೊಳವೆ. ರೈಲಿನ ಮೂರು ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಒಳಗೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೂ ತಲೆ ತಾಗದಷ್ಟು ಅಗಲ. ತುಸು ಇಳಿಜಾರಾಗಿ, ಕಾಂಕ್ರೀಟ್ ಕಟ್ಟೆಗಳ ಮೇಲಿನ ರೋಲರುಗಳಲ್ಲಿ ಮಲಗಿ, ವರ್ಷವಿಡೀ ತಿರುಗುತ್ತಲೇ ಇರುತ್ತದೆ. ಒಳಗಿನ ಬೆಂಕಿಗೆ ಉಕ್ಕು ಕರಗಬಾರದೆಂದು ಒಳಮೈಗೆಲ್ಲ ಶಾಖ ತಡೆಯುವ ಇಟ್ಟಿಗೆಯ ಪದರ. ಆ ಇಟ್ಟಿಗೆ ಸವೆದಾಗ ಕಿಲ್ನನ್ನು ನಿಲ್ಲಿಸಿ, ತಣಿಸಿ, ಜನ ಒಳಗೆ ಹೋಗಿ ಹೊಸದನ್ನು ಕೂರಿಸಬೇಕು.

ಹಿಂದಿನ ಸಲ ಹಾಗೆ ಒಳಗೆ ಹೋದಾಗಲೇ ಭೀಮಶಾ ಸತ್ತದ್ದು. ಒಂದು ಪಕ್ಕಕ್ಕೆ ಇಟ್ಟಿಗೆಯ ಭಾರ ಹೆಚ್ಚಾಗಿ ಕಿಲ್ನ್ ಮೆಲ್ಲಗೆ, ಯಾರಿಗೂ ತಿಳಿಯದ ಹಾಗೆ ಸರಿಯತೊಡಗಿತ್ತು. ಹೊರಗಿದ್ದ ಸೆನ್ಸರ್ ಕೊನೆಯವರೆಗೂ ಸೊನ್ನೆಯನ್ನೇ ತೋರಿಸಿತು. ಆಮೇಲೆ ಕಿಲ್ನ್ ಒಮ್ಮೆಲೇ ಹೊರಳಿತು. ಆ ಸಾವಿನ ನಂತರ ಸರ್ಕಾರ ಒಂದು ನಿಯಮ ತಂದಿತು. ತಿರುಗುವ ಯಾವ ಯಂತ್ರದೊಳಕ್ಕೂ ಮನುಷ್ಯರು ಕಾಲಿಡಬೇಕಾದರೆ ಬಾಗಿಲಿನ ಬೀಗವನ್ನು ಸೆನ್ಸರೇ ತೆಗೆಯಬೇಕು. ಸೊನ್ನೆ ಬಂದರೆ ಹಸಿರು ದೀಪ, ಬೀಗ ತೆರೆಯುತ್ತದೆ. ಇಲ್ಲದಿದ್ದರೆ ಕೆಂಪು. ಕೀಲಿ ಕಾರ್ಖಾನೆಯ ಯಾರ ಕೈಯಲ್ಲೂ ಇರುವುದಿಲ್ಲ.

ಆ ಸೆನ್ಸರ್ ಯಾವುದಿರಬೇಕೆಂದು ಆರಿಸುವ ಹೊಣೆ ಇನ್‌ಸ್ಟ್ರುಮೆಂಟ್ ವಿಭಾಗದ ಇಂದುಮತಿ ಹೂಗಾರಳ ಮೇಲೆ ಬಿತ್ತು.

ಅವಳು ಒಂದೊಂದನ್ನೇ ಹಚ್ಚಿ ನೋಡಿದಳು. ಭೀಮಶಾ ಸತ್ತಾಗ ಇದ್ದದ್ದು ಅಯಸ್ಕಾಂತದ ಸೆನ್ಸರ್. ಎದುರಿಗೆ ಗಿಯರಿನ ಹಲ್ಲು ವೇಗವಾಗಿ ಹಾದರೆ ಅದರ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹಲ್ಲು ನಿಧಾನವಾದಷ್ಟೂ ವಿದ್ಯುತ್ತು ಸಣ್ಣದಾಗುತ್ತ ಹೋಗಿ ಕೊನೆಗೆ ಸೊನ್ನೆಯಾಗುತ್ತದೆ. ಅಂದರೆ ತೀರಾ ನಿಧಾನವಾಗಿ ತಿರುಗುವುದಕ್ಕೂ ನಿಂತದ್ದಕ್ಕೂ ಅದಕ್ಕೆ ಭೇದವೇ ಇಲ್ಲ. ಲೋಹ ಹತ್ತಿರ ಬಂತೋ ಇಲ್ಲವೋ ಎಂದಷ್ಟೇ ಹೇಳುವ ಇನ್ನೊಂದು ಸೆನ್ಸರಿಗೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿನವರೆಗೆ ಏನಾಯಿತೆಂಬುದು ತಿಳಿಯುವುದಿಲ್ಲ. ಬೆಳಕಿನಿಂದ ಗೆರೆ ಎಣಿಸುವ ಎನ್‌ಕೋಡರ್ ಅತಿ ಸೂಕ್ಷ್ಮವಾದದ್ದೇ. ಆದರೆ ಸುಣ್ಣಕಲ್ಲಿನ ಧೂಳು ಒಂದೇ ವಾರದಲ್ಲಿ ಅದರ ಕಣ್ಣು ಮುಚ್ಚಿಸಿತು.

ಕೊನೆಗೆ ಸಿಕ್ಕಿದ್ದು ಬೆಳಕಿನ ಉಂಗುರ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಹೊಸ ಬಗೆಯ ಗಾಜಿನ ಒಂದು ಬಳೆ. ಆ ಗಾಜಿನಲ್ಲಿ ಬೆಳಕು ಮಾಸದೆ ಕೋಟಿಗಟ್ಟಲೆ ಸುತ್ತು ಹಾಕಬಲ್ಲದು. ಎರಡು ಕಿರಣಗಳನ್ನು ವಿರುದ್ಧ ದಿಕ್ಕಿನಲ್ಲಿ ಓಡಿಸುತ್ತಾರೆ. ಬಳೆ ನಿಂತಿದ್ದರೆ ಎರಡೂ ಒಟ್ಟಿಗೇ ಮರಳಿ ಬರುತ್ತವೆ. ಬಳೆ ತಿರುಗಿದರೆ ಒಂದರ ದಾರಿ ಕೂದಲೆಳೆಯಷ್ಟು ಉದ್ದವಾಗುತ್ತದೆ, ಇನ್ನೊಂದರದು ಅಷ್ಟೇ ಕಡಿಮೆಯಾಗುತ್ತದೆ. ಆ ವ್ಯತ್ಯಾಸವೇ ತಿರುಗುವಿಕೆಯ ಅಳತೆ. ಅದಕ್ಕೆ ಎದುರಿಗೆ ಹಲ್ಲು ಬೇಡ, ಗೆರೆ ಬೇಡ, ಹೊರಗಿನದನ್ನು ನೋಡುವ ಅಗತ್ಯವೇ ಇಲ್ಲ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಮೇಜಿನ ಮೇಲಿಟ್ಟಾಗ ಅದು ಸ್ವಚ್ಛವಾದ ಸೊನ್ನೆ ತೋರಿಸಿತ್ತು. ಇಂದುಮತಿ ಅದನ್ನೇ ಆರಿಸಿದಳು. ಕಿಲ್ನಿನ ತಂಪಾದ ತುದಿಯಲ್ಲಿ, ಕಿಲ್ನ್ ತಿರುಗಿದ ಹಾಗೆ ತಾನೂ ತಿರುಗುವಂತೆ, ಮುಖ ಕಿಲ್ನಿನ ಉದ್ದಕ್ಕೆ ಬರುವಂತೆ ಅದನ್ನು ಕೂರಿಸಿದರು.

ಈಗ ಮೊದಲ ಸಲ ಕಿಲ್ನ್ ನಿಂತಿದೆ, ತಣಿದಿದೆ, ಇಟ್ಟಿಗೆಯ ರಾಶಿ ಬಂದು ಬಿದ್ದಿದೆ. ಕೆಂಪು ದೀಪ ಆರುತ್ತಿಲ್ಲ.

"ಎಷ್ಟು ತೋರಸ್ಲಕತ್ತದ?" ಎಂದು ಪ್ಲಾಂಟಿನ ಮುಖ್ಯಸ್ಥ ಇನಾಮದಾರ ಸಾಹೇಬರು ಕೇಳಿದರು.

"ಇಪ್ಪತ್ತೈದು ಗಂಟೆಗೆ ಒಂದು ಸುತ್ತು ಸರ್. ಹೆಚ್ಚಿಲ್ಲ, ಕಡಿಮಿಲ್ಲ. ನಿನ್ನಿಯಿಂದ ಅಷ್ಟೇ ಅದ."

"ಇಪ್ಪತ್ತೈದು ಗಂಟೆಗಾ? ಮತ್ತ ನಿನ್ನಿ ಮ್ಯಾಲಿದ್ದ ಬೋಲ್ಟು ಇವತ್ತ ಒಂದು ಸುತ್ತು ಹಾಕಿ ಬರಬೇಕಾಗಿತ್ತಲ್ಲ?"

ಬೋಲ್ಟು ಇದ್ದಲ್ಲೇ ಇತ್ತು. ಕಿಲ್ನಿನ ಮೈಯಿಂದ ಕಾಂಕ್ರೀಟ್ ಕಟ್ಟೆಯವರೆಗೆ ಇಂದುಮತಿ ಸುಣ್ಣದ ಕಡ್ಡಿಯಿಂದ ಎಳೆದಿದ್ದ ಗೆರೆಯೂ ಮುರಿಯದೆ ನೇರವಾಗಿತ್ತು. ಪೆಟ್ಟಿಗೆ ಕೆಟ್ಟಿರಬೇಕೆಂದು ಇನ್ನೊಂದನ್ನು ಹಚ್ಚಿದರು. ಅದೂ ಇಪ್ಪತ್ತೈದು ಗಂಟೆ ಎಂದಿತು. ಮೂರನೆಯದೂ ಅದನ್ನೇ ಹೇಳಿತು.

ಇನಾಮದಾರರು ನಕ್ಕರು. "ಇಪ್ಪತ್ತನಾಕು ಇದ್ದಿದ್ರ ಭೂಮಿನೇ ತಿರಗಲಕತ್ತದ ಅಂತಿದ್ದೆ."

ಆ ಯೋಚನೆ ಇಂದುಮತಿಗೂ ಬಂದು ಹೋಗಿತ್ತು. ಆದರೆ ಭೂಮಿಯಾಗಿದ್ದರೆ ಇಪ್ಪತ್ತನಾಲ್ಕೇ ಇರಬೇಕಿತ್ತು. ಇಷ್ಟು ನಿಖರವಾದ ಯಂತ್ರ ಒಂದು ಗಂಟೆಯಷ್ಟು ತಪ್ಪುವುದಿಲ್ಲ. ಅದಕ್ಕೇ ಅದನ್ನು ತಲೆಯಿಂದ ತೆಗೆದುಹಾಕಿದ್ದಳು.

ಕಿಲ್ನಿನ ಬಾಗಿಲ ಬಳಿ, ತಗಡಿನ ನೆರಳಲ್ಲಿ, ಇಟ್ಟಿಗೆ ಕೂರಿಸುವ ತಂಡ ಕುಳಿತಿತ್ತು. ಆ ತಂಡದ ಮೇಲ್ವಿಚಾರಕ ರೇವಣಸಿದ್ಧ ಇಂದುಮತಿಯ ಗಂಡ. ಭೀಮಶಾನನ್ನು ಇಟ್ಟಿಗೆಯ ಅಡಿಯಿಂದ ಎಳೆದು ತೆಗೆದವರಲ್ಲಿ ಅವನೂ ಒಬ್ಬ.

ಇನಾಮದಾರರು ಎಲ್ಲರಿಗೂ ಕೇಳುವಂತೆ ಹೇಳಿದರು. "ಕಿಲ್ನ್ ನಿಂತದ್ದಕ್ಕ ಗಣಿ ನಿಂತದ, ಪ್ಯಾಕಿಂಗ್ ನಿಂತದ, ಗೇಟಿನ ಹೊರಗ ಲಾರಿ ಸಾಲು ನೋಡ್ರಿ. ನಾನು ಸರ್ಕಾರದ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಸೆನ್ಸರ್ ಬಿಟ್ಟು ಬೀಗ ತೆಗೆಸ್ತೀನಿ. ಕಿಲ್ನ್ ನಿಂತದ. ಕಣ್ಣಿಗೆ ಕಾಣಲಕತ್ತದಲ್ಲ?"

"ಆವತ್ತೂ ಕಣ್ಣಿಗೆ ಹಂಗೇ ಕಂಡಿತ್ರಿ ಸಾಹೇಬ್ರ," ಎಂದ ರೇವಣಸಿದ್ಧ. ನಂತರ ಹೆಂಡತಿಯ ಕಡೆ ತಿರುಗಿದ. "ನೀ ಹೇಳು. ಒಳಗ ಹೋಗ್ಲಾ?"

ಎಲ್ಲರೂ ಅವಳನ್ನೇ ನೋಡಿದರು. ಹೌದು ಎನ್ನಲು ಅವಳಿಗೆ ಧೈರ್ಯವಿರಲಿಲ್ಲ. ಬೇಡ ಎನ್ನಲು ಕಾರಣವೂ ಗೊತ್ತಿರಲಿಲ್ಲ.

"ನಾಳಿ ತನಕ ಟೈಮ್ ಕೊಡ್ರಿ ಸರ್. ಸೆನ್ಸರ್ ಯಾಕ ಹಂಗ ಅನ್ನಲಕತ್ತದ ಅಂತ ನನಗ ತಿಳಿದ ಹೊರತು ಒಳಗ ಯಾರನ್ನೂ ಕಳಿಸಬ್ಯಾಡ್ರಿ."

ಇನಾಮದಾರರು ಗಡ್ಡ ಕೆರೆದುಕೊಂಡು, ತೆಗೆದಿದ್ದ ಫೋನನ್ನು ಜೇಬಿಗೆ ಹಾಕಿದರು. ಅದೇ ಒಪ್ಪಿಗೆ.

ಕಾಲೊನಿಯ ಮನೆಗೆ ಅವಳು ಮರಳಿದಾಗ ಅತ್ತೆ ನಿಂಬೆವ್ವ ಮಂಚದ ಎರಡೂ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಒಂದು ವಾರದಿಂದ ಅವಳಿಗೆ ತಲೆ ಸುತ್ತು. ಮಗ್ಗುಲು ಬದಲಿಸಿದರೆ ಸಾಕು, ಮನೆಯೇ ಗಿರಗಿರನೆ ತಿರುಗುತ್ತದೆ.

"ಇಂದವ್ವ, ಗ್ವಾಡಿ ಓಡಲಕತ್ಯದವ್ವ. ಹಿಡಿ ಅದನ್ನ."

"ಗ್ವಾಡಿ ಎಲ್ಲೂ ಹೋಗಿಲ್ಲತ್ತಿ. ಏಳ್ರಿ, ಡಾಕ್ಟರ್ ಹತ್ರ ಹೋಗೋಣು."

ಊರಿನ ಕಿವಿ-ಮೂಗಿನ ಡಾಕ್ಟರ್ ಸುಗಂಧಾ ಅವರು ಔಷಧ ಬರೆಯುವ ಮೊದಲು ನಿಂಬೆವ್ವಳನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ, ಗಕ್ಕನೆ ಹಿಂದಕ್ಕೆ ಮಲಗಿಸಿದರು. ಏನೂ ಆಗಲಿಲ್ಲ. ಎಬ್ಬಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಮಲಗಿಸಿದರು. ಮುದುಕಿ ಚೀರಿದಳು. ಅವಳ ಕಣ್ಣಗುಡ್ಡೆಗಳು ಜಾರುತ್ತ, ಮರಳುತ್ತ, ಇಲ್ಲದ ಏನನ್ನೋ ಬೆನ್ನಟ್ಟಿದ ಹಾಗೆ ಅಲುಗತೊಡಗಿದವು.

"ಬಲಗಿವಿ," ಎಂದರು ಡಾಕ್ಟರ್ ಸಮಾಧಾನದಿಂದ. "ಗಾಬರಿ ಬೇಡ, ಇದು ವಾಸಿಯಾಗುತ್ತೆ. ಕಿವಿಯೊಳಗೆ ಮೂರು ಸಣ್ಣ ಬಳೆಗಳಿರ್ತಾವೆ, ನೀರು ತುಂಬಿದ ಬಳೆಗಳು. ನಾವು ತಿರುಗಿದಾಗ ಮಿದುಳಿಗೆ ಹೇಳೋದು ಅವೇ. ಅದರೊಳಗೆ ಒಂದು ಹರಳು ಬಿದ್ದಿದೆ."

ಬಳೆ ಎಂಬ ಮಾತಿಗೆ ಇಂದುಮತಿ ತಲೆ ಎತ್ತಿದಳು. "ಮೂರು ಯಾಕ್ರಿ ಡಾಕ್ಟರ್? ಒಂದು ಸಾಲದಾ?"

"ಒಂದೊಂದು ಬಳೆಗೆ ಒಂದೊಂದು ದಿಕ್ಕು. ತಾನು ಕೂತಿರೋ ದಿಕ್ಕಿನಲ್ಲಿ ತಿರುಗಿದರೆ ಮಾತ್ರ ಅದಕ್ಕೆ ಪೂರ್ತಿ ಗೊತ್ತಾಗುತ್ತೆ. ಓರೆಯಾಗಿದ್ದರೆ ಅರ್ಧಂಬರ್ಧ. ಅಡ್ಡಡ್ಡ ಇದ್ದರೆ ಏನೂ ಇಲ್ಲ. ಅದಕ್ಕೇ ಅಲ್ವಾ ನಾನು ಇವರನ್ನ ಆ ಕಡೆ ಈ ಕಡೆ ಮಲಗಿಸಿ ನೋಡಿದ್ದು? ಯಾವ ಕಡೆ ಮಲಗಿಸಿದಾಗ ಎಷ್ಟು ತಿರುಗುತ್ತೆ ಅಂತ ನೋಡಿದರೆ ಎಲ್ಲಿಂದ ಬಂತು ಅಂತ ತಿಳಿಯುತ್ತೆ."

ಡಾಕ್ಟರು ನಿಂಬೆವ್ವಳ ತಲೆಯನ್ನು ಮೆಲ್ಲಗೆ ಒಂದೊಂದೇ ದಿಕ್ಕಿಗೆ ತಿರುಗಿಸುತ್ತ ಹರಳನ್ನು ಹೊರಗೆ ಜಾರಿಸಿದರು. ಇಂದುಮತಿ ಅತ್ತೆಯ ಕೈ ಹಿಡಿದು ನಿಂತಿದ್ದಳು. ಮನಸ್ಸು ಕಾರ್ಖಾನೆಗೆ ಹೋಗಿತ್ತು. ಮೂರು ಪೆಟ್ಟಿಗೆ ಹಚ್ಚಿ ನೋಡಿದ್ದಳು. ಒಂದನ್ನೂ ಬೇರೆ ದಿಕ್ಕಿಗೆ ತಿರುಗಿಸಿ ನೋಡಿರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ಅವಳು ಒಂದು ಪೆಟ್ಟಿಗೆಯನ್ನು ಕಿಲ್ನಿನ ಹತ್ತಿರದ ಬಯಲಿಗೆ ತಂದು ಕಲ್ಲಿನ ಕಟ್ಟೆಯ ಮೇಲಿಟ್ಟಳು. ಕಿಲ್ನ್ ಮಲಗಿದ್ದುದು ದಕ್ಷಿಣೋತ್ತರವಾಗಿ. ಪೆಟ್ಟಿಗೆಯನ್ನೂ ಹಾಗೇ ಉತ್ತರಕ್ಕೆ ಮುಖ ಮಾಡಿ ಇಟ್ಟಳು. ಇಪ್ಪತ್ತೈದು ಗಂಟೆ. ಇಲ್ಲಿ ಕಿಲ್ನೂ ಇಲ್ಲ, ರೋಲರೂ ಇಲ್ಲ. ನೆಲಕ್ಕೆ ಹೂತ ಶಹಾಬಾದ ಕಲ್ಲು ಅಷ್ಟೇ. ಆದರೂ ಅದೇ ಅಂಕಿ.

ಪೆಟ್ಟಿಗೆಯನ್ನು ಮೆಲ್ಲಗೆ ಪೂರ್ವಕ್ಕೆ ಹೊರಳಿಸಿದಳು. ತಿರುಗುವಿಕೆ ಕಡಿಮೆಯಾಗುತ್ತ, ಕಡಿಮೆಯಾಗುತ್ತ ಬಂದು, ಸೂರ್ಯ ಮೂಡಿದ ಕಡೆಗೆ ಪೆಟ್ಟಿಗೆಯ ಮುಖ ನಿಂತಾಗ ಸೊನ್ನೆಯಾಯಿತು. ಇನ್ನೂ ಹೊರಳಿಸಿ ದಕ್ಷಿಣಕ್ಕೆ ತಂದಳು. ಮತ್ತೆ ಇಪ್ಪತ್ತೈದು, ಈಗ ಉಲ್ಟಾ ದಿಕ್ಕಿನಲ್ಲಿ.

ಪುನಃ ಉತ್ತರಕ್ಕೆ ತಂದಳು. ಈ ಸಲ ಅದರ ಮುಂದಿನ ತುದಿಯ ಕೆಳಗೆ ಒಂದು ಚಿಪ್ಪುಗಲ್ಲು ಇಟ್ಟು ಸ್ವಲ್ಪ ಎತ್ತಿದಳು. ಇಪ್ಪತ್ತೈದು ಇದ್ದದ್ದು ಇಳಿಯಿತು. ಇನ್ನೊಂದು ಕಲ್ಲು ಇಟ್ಟಳು. ಮತ್ತೆ ಇಳಿಯಿತು. ಕಲ್ಲಿನ ಮೇಲೆ ಕಲ್ಲು ಜೋಡಿಸುತ್ತ ಹೋದಾಗ ಒಂದು ಓರೆಯಲ್ಲಿ ಅದು ಇಪ್ಪತ್ತಮೂರು ಗಂಟೆ ಐವತ್ತಾರು ನಿಮಿಷಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೆತ್ತಿದರೆ ಮತ್ತೆ ಏರತೊಡಗಿತು. ಇಳಿಸಿ ಅಲ್ಲಿಗೇ ತಂದಳು.

ಮೊಣಕಾಲೂರಿ ಪೆಟ್ಟಿಗೆಯ ಹಿಂದೆ ಕುಳಿತು, ಅದು ಬೆರಳು ತೋರಿಸುತ್ತಿರುವ ಕಡೆ ಅವಳು ನೋಡಿದಳು. ಉತ್ತರ ದಿಕ್ಕು, ದಿಗಂತದಿಂದ ತುಸು ಮೇಲೆ, ಬರಿಯ ನೀಲಿ ಆಕಾಶ. ಹಗಲಾದ್ದರಿಂದ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಅಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಬಾಲ್ಯದಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ಅಪ್ಪ ತೋರಿಸುತ್ತಿದ್ದ ಧ್ರುವ ನಕ್ಷತ್ರ, ಸರಿಯಾಗಿ ಆ ಎತ್ತರದಲ್ಲೇ.

ಎರಡೂ ಅಂಗೈಗಳನ್ನು ನೆಲಕ್ಕೆ ಊರಿದಳು. ಕಲ್ಲು ತಣ್ಣಗಿತ್ತು, ಗಟ್ಟಿಯಾಗಿತ್ತು, ಎಂದಿನಂತೆ ಅಲುಗದೆ ಇತ್ತು. ಇದೇ ತಿರುಗುತ್ತಿರುವುದು ಎಂದು ಅವಳು ಶಾಲೆಯಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ನಂಬಿದ್ದಳು ಕೂಡ. ಆದರೆ ಅಂಗೈ ಕೆಳಗಿನ ಕಲ್ಲು ತಿರುಗುತ್ತಿರುವುದನ್ನು ಕಣ್ಣೆದುರಿಗಿನ ಅಂಕಿಯಲ್ಲಿ ನೋಡಿದ್ದು ಇದೇ ಮೊದಲು. ಕಾಗಿಣಾ ನದಿ, ಗಣಿಯ ಹೊಂಡಗಳು, ಲಾರಿಗಳ ಸಾಲು, ಕಾಲೊನಿಯ ಮಂಚದ ಮೇಲೆ ಮಲಗಿರುವ ಅತ್ತೆ, ಎಲ್ಲವೂ ಒಂದೇ ಅಚ್ಚಿನ ಸುತ್ತ, ಸದ್ದಿಲ್ಲದೆ, ಇಷ್ಟು ವರ್ಷ. ಅವಳ ಕಣ್ಣಲ್ಲಿ ನೀರು ಬಂತು.

"ಏನಾಯ್ತು?" ಎನ್ನುತ್ತ ರೇವಣಸಿದ್ಧ ಓಡಿ ಬಂದ. ಹಿಂದೆಯೇ ತಂಡದವರು, ಅವರ ಹಿಂದೆ ಇನಾಮದಾರರು.

ಅವಳು ಪೆಟ್ಟಿಗೆ ತೋರಿಸಿದಳು. "ಕಿಲ್ನ್ ಅಲ್ಲ. ಭೂಮಿ. ಸಾಹೇಬ್ರ, ನೀವು ನಿನ್ನಿ ನಕ್ಕೋತ ಅಂದದ್ದೇ ಖರೆ."

"ಮತ್ತ ಇಪ್ಪತ್ತೈದು ಯಾಕ?"

"ನಮ್ಮ ಕಿಲ್ನ್ ನೆಲದ ಮ್ಯಾಲ ಮಲಗ್ಯದ. ಭೂಮಿಯ ಅಚ್ಚು ನಮ್ಮ ಊರಾಗ ಇಷ್ಟು ಓರೆ ಅದ, ನೋಡ್ರಿ, ಈ ಪೆಟ್ಟಿಗಿ ಎತ್ತೀನಲ್ಲ, ಹಿಂಗ. ಓರೆ ಇರೋದಕ್ಕ ಕಿಲ್ನಿಗೆ ಪೂರಾ ಸುತ್ತು ಗೊತ್ತಾಗಲ್ಲ, ಸ್ವಲ್ಪ ಕಮ್ಮಿ ಗೊತ್ತಾಗ್ತದ. ಅಚ್ಚಿನ ಕಡಿಗೆ ನೆಟ್ಟಗ ಹಿಡಿದ್ರ ಪೂರಾ ತೋರಸ್ತದ. ಇಪ್ಪತ್ತನಾಕು ಗಂಟಿಗಿ ನಾಕು ನಿಮಿಷ ಕಮ್ಮಿ."

"ನಾಕು ನಿಮಿಷ ಯಾಕ ಕಮ್ಮಿ?"

"ಇಪ್ಪತ್ತನಾಕು ಅನ್ನೋದು ಸೂರ್ಯನ ಲೆಕ್ಕ ಸರ್. ಒಂದು ಸುತ್ತು ಹಾಕೋದ್ರಾಗ ಭೂಮಿ ಸೂರ್ಯನ ಸುತ್ತ ಒಂದಿಷ್ಟು ಮುಂದ ಹೋಗಿರ್ತದ. ಅದಕ್ಕ ಅದೇ ಸೂರ್ಯನ್ನ ಮತ್ತ ನೆತ್ತಿ ಮ್ಯಾಲ ನೋಡ್ಬೇಕಂದ್ರ ನಾಕು ನಿಮಿಷ ಹೆಚ್ಚಿಗಿ ತಿರುಗಬೇಕು. ಚಿಕ್ಕಿಗಳ ಲೆಕ್ಕಕ್ಕ ಇದೇ ಪೂರಾ ಸುತ್ತು."

ಇನಾಮದಾರರು ಪ್ರಯೋಗಾಲಯಕ್ಕೆ ಫೋನ್ ಹಚ್ಚಿ, ಅವರ ಮೇಜು ಯಾವ ದಿಕ್ಕಿಗಿದೆ ಎಂದು ಕೇಳಿದರು. ಆ ಕಡೆಯವರು ದಿಕ್ಸೂಚಿ ಹಿಡಿದು ನೋಡಿದರು. ಆಮೇಲೆ ಉತ್ತರ ಬಂತು. ಮೇಜು ಪೂರ್ವ-ಪಶ್ಚಿಮವಾಗಿತ್ತು, ಪೆಟ್ಟಿಗೆಯ ಮುಖ ಪೂರ್ವಕ್ಕಿತ್ತು. ಅಲ್ಲಿ ಸೊನ್ನೆ ಬಂದದ್ದರಲ್ಲಿ ಆಶ್ಚರ್ಯವೇ ಇರಲಿಲ್ಲ.

ತಂಡದವರು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯನ್ನು ತಾವೇ ಹೊರಳಿಸಿ ನೋಡಿದರು. ಪೂರ್ವಕ್ಕೆ ಹಿಡಿದರೆ ಸೊನ್ನೆ, ಉತ್ತರಕ್ಕೆ ಹಿಡಿದರೆ ಸುತ್ತು. ಗಾರೆ ಕಲಸುವ ಶಾಂತಾಬಾಯಿ ಎಂಬ ಹೆಂಗಸು ಚಪ್ಪಲಿ ಕಳಚಿಟ್ಟು ಬಂದು ಅದನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ಹಂಗಾದ್ರ ಮೇಡಂ," ಎಂದು ಅವಳು ಕೇಳಿದಳು, "ನಿಂತದ್ದು ಅಂಬೋದು ಯಾವುದ್ರಿ?"

"ಯಾವುದೂ ಇಲ್ಲ ಶಾಂತಾಬಾಯಿ."

"ಅಯ್ಯ ಶಿವನೇ," ಎಂದಳು ಅವಳು. ಭಯಕ್ಕಿಂತ ಸಂತೋಷವೇ ಹೆಚ್ಚಾಗಿದ್ದ ದನಿ ಅದು.

ಸೊನ್ನೆಯೇ ಇಲ್ಲದ ಜಗತ್ತಿನಲ್ಲಿ ಬೀಗ ತೆಗೆಯುವುದು ಹೇಗೆ? ಅದಕ್ಕೆ ದಾರಿ ಇಂದುಮತಿಗೆ ಕೂಡಲೇ ಹೊಳೆಯಿತು. ಒಂದು ಪೆಟ್ಟಿಗೆ ಕಿಲ್ನಿನ ಮೇಲೆ; ಅದರದೇ ಓರೆಯಲ್ಲಿ, ಅದರದೇ ದಿಕ್ಕಿಗೆ ಇನ್ನೊಂದು ಪೆಟ್ಟಿಗೆ ನೆಲಕ್ಕೆ ಹೂತ ಕಾಂಕ್ರೀಟ್ ಕಟ್ಟೆಯ ಮೇಲೆ. ಒಂದರಿಂದ ಇನ್ನೊಂದನ್ನು ಕಳೆದರೆ ಭೂಮಿಯ ಪಾಲು ಹೋಗುತ್ತದೆ. ಉಳಿಯುವುದು ಕಿಲ್ನಿನ ಸ್ವಂತ ಚಲನೆ ಮಾತ್ರ. ಆ ಮಧ್ಯಾಹ್ನವೇ ಎರಡನ್ನೂ ಜೋಡಿಸಿದರು. ಉಳಿಕೆ ಸೊನ್ನೆಯಾಯಿತು. ಹಸಿರು ದೀಪ ಹೊತ್ತಿತು. ಬೀಗ ಕಳಚಿದ ಸದ್ದಿಗೆ ಜನ ಚಪ್ಪಾಳೆ ತಟ್ಟಿದರು.

ಮುಂದಿನ ದಿನಗಳಲ್ಲಿ ಕೆಲಸ ಭರದಿಂದ ಸಾಗಿತು. ಮೊದಲು ಕಿಲ್ನಿನ ಕೆಳಭಾಗಕ್ಕೆ ಇಟ್ಟಿಗೆ ಕೂರಿಸಿ, ಜಾಕುಗಳಿಂದ ಒತ್ತಿ ಬಿಗಿ ಮಾಡಿದರು. ಆಮೇಲೆ ಎಲ್ಲರೂ ಹೊರಗೆ ಬಂದು, ಕಿಲ್ನನ್ನು ಕಾಲು ಸುತ್ತು ತಿರುಗಿಸಿ, ಬ್ರೇಕ್ ಹಾಕಿ, ಕಟ್ಟೆಯವರೆಗಿನ ಸುಣ್ಣದ ಗೆರೆಯನ್ನು ಹೊಸದಾಗಿ ಎಳೆದರು. ಕೂರಿಸಿದ ಇಟ್ಟಿಗೆಯ ಭಾರವೆಲ್ಲ ಈಗ ಒಂದು ಮಗ್ಗುಲಿಗೆ ಬಂದಿತ್ತು. ಹಸಿರು ದೀಪ ಬಂತು. ರೇವಣಸಿದ್ಧನ ತಂಡ ಮತ್ತೆ ಒಳಗೆ ಹೋಯಿತು. ಭೀಮಶಾ ಸತ್ತದ್ದೂ ಕೆಲಸದ ಇದೇ ಘಟ್ಟದಲ್ಲಿ.

ಇಂದುಮತಿ ಕಂಟ್ರೋಲ್ ರೂಮು ಬಿಟ್ಟು ಕದಲಲಿಲ್ಲ. ಪರದೆಯ ಮೇಲೆ ಎರಡು ಗೆರೆ. ಕಿಲ್ನಿನದೊಂದು, ಕಟ್ಟೆಯದೊಂದು. ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಹರಿಯುತ್ತಿದ್ದವು. ಊಟದ ಹೊತ್ತು ಕಳೆದ ಮೇಲೆ ಆ ಗೆರೆ ಸ್ವಲ್ಪ ದಪ್ಪವಾದಂತೆ ಕಂಡಿತು. ಕಣ್ಣುಜ್ಜಿಕೊಂಡು ನೋಡಿದಳು. ಒಂದು ಗೆರೆಯ ಅಂಚಿನಿಂದ ಇನ್ನೊಂದು ಇಣುಕುತ್ತಿತ್ತು. ಉಳಿಕೆ ಸೊನ್ನೆಯಾಗಿರಲಿಲ್ಲ. ಕಿಲ್ನ್ ವರ್ಷಕ್ಕೆ ಒಂದು ಸುತ್ತು ಹಾಕುವಷ್ಟು ನಿಧಾನವಾಗಿ, ಭಾರವಿದ್ದ ಮಗ್ಗುಲಿಗೆ ಸರಿಯುತ್ತಿತ್ತು.

ದೀಪ ಕೆಂಪಾಗಿ ಸೈರನ್ ಕೂಗುವುದಕ್ಕೂ ಅವಳು ಮೈಕ್ ಹಿಡಿಯುವುದಕ್ಕೂ ಸರಿಹೋಯಿತು.

"ಕಿಲ್ನಿನಾಗ ಇದ್ದೋರು ಎಲ್ಲಾರೂ ಹೊರಗ ಬರ್ರಿ! ಕೈಯಾಗಿಂದು ಅಲ್ಲೇ ಬಿಟ್ಟು ಬರ್ರಿ! ಈಗಿಂದೀಗ!"

ಅವಳು ಮೆಟ್ಟಿಲಿಳಿದು ಕಿಲ್ನಿನ ಹತ್ತಿರ ಓಡಿ ಬರುವಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಬಾಗಿಲಿನಿಂದ ಇಳಿಯುತ್ತಿದ್ದರು. ಇನಾಮದಾರರು ಆಗಲೇ ಬಂದು ಸುಣ್ಣದ ಗೆರೆಯ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದರು.

"ಗೆರಿ ಹಂಗೇ ಅದ ಮೇಡಂ. ಕೂದಲಷ್ಟೂ ಸರಿದಿಲ್ಲ. ಇದೂ ಭೂಮಿದೇ ಏನಾದ್ರೂ ಆಟ ಇರಬೇಕು."

"ಇಲ್ಲ ಸರ್. ಭೂಮಿದು ಕಳದೀನಿ. ಇದು ಕಿಲ್ನಿಂದು. ರೇವಣಸಿದ್ಧ ಎಲ್ಲಿ?"

ರೇವಣಸಿದ್ಧ ಎಲ್ಲರನ್ನೂ ಇಳಿಸಿ ಕೊನೆಗೆ ಬಂದ. ಮುಖದ ತುಂಬ ಗಾರೆಯ ಬೂದಿ, ಕಣ್ಣಲ್ಲಿ ಸಿಟ್ಟು. "ಒಂದು ಸಾಲು ಪೂರಾ ಆಗೋದಿತ್ತು. ಅರ್ಧಕ್ಕ ಬಿಟ್ಟು ಬಂದೀನಿ. ಒಣಗಿದ್ರ ಮತ್ತ ಎಲ್ಲಾ ಕಿತ್ತಬೇಕು. ಕಣ್ಣಿಗೆ ಕಾಣಲಾರದ್ದಕ್ಕ ಹಿಂಗ ಓಡಿಸಿದ್ರ ಕೆಲಸ ಹ್ಯಾಂಗ..."

ಇನಾಮದಾರರು ಎದ್ದು ಎರಡು ಹೆಜ್ಜೆ ಹಿಂದೆ ಸರಿದಿದ್ದರು.

ಗೆರೆ ಎರಡಾಗಿತ್ತು. ಕಿಲ್ನಿನ ಮೇಲಿನ ಅರ್ಧ ಕಟ್ಟೆಯ ಮೇಲಿನ ಅರ್ಧಕ್ಕಿಂತ ಒಂದು ನೂಲಿನಷ್ಟು ಕೆಳಗೆ ಇತ್ತು. ಅವರು ನೋಡುತ್ತಿದ್ದಂತೆ ಬೆರಳಿನಷ್ಟಾಯಿತು. ಗೇಣಿನಷ್ಟಾಯಿತು. ಬ್ರೇಕಿನ ಕಡೆಯಿಂದ ಕೀರಲು ಸದ್ದೊಂದು ಎದ್ದು ಜೋರಾಗುತ್ತ ಹೋಯಿತು. "ಹಿಂದಕ್ಕ ಸರೀರಿ!" ಎಂದು ಯಾರೋ ಕೂಗಿದರು. ಮೂರು ರೈಲುಡಬ್ಬಿಯಷ್ಟು ಉದ್ದದ ಉಕ್ಕು ಇಡಿಯಾಗಿ ಹೊರಳಿತು. ಕೆಳಗೆ ಹೋಗಿ, ಮೇಲಕ್ಕೆ ತೂಗಿ, ಮರಳಿ ಬಂದು, ತೊಟ್ಟಿಲಿನಂತೆ ತೂಗಾಡಿತು. ಒಳಗೆ ಇಟ್ಟಿಗೆಗಳು ಕುಸಿದ ಸದ್ದು ಗಣಿಯ ಸಿಡಿತದಂತೆ ಕೇಳಿಸಿತು. ಬಾಗಿಲಿನಿಂದ ಕೆಂಪು ಧೂಳು ಉಕ್ಕಿ ಹೊರಬಂದು ಎಲ್ಲರನ್ನೂ ಮುಚ್ಚಿಬಿಟ್ಟಿತು.

ಧೂಳು ಇಳಿಯುವವರೆಗೆ ಯಾರಿಗೂ ಯಾರೂ ಕಾಣಲಿಲ್ಲ. ಶಾಂತಾಬಾಯಿ ಒಬ್ಬೊಬ್ಬರದೇ ಹೆಸರು ಹಿಡಿದು ಕೂಗತೊಡಗಿದಳು. ಕೂಗಿದ ಪ್ರತಿ ಹೆಸರಿಗೂ ಧೂಳಿನೊಳಗಿಂದ "ಹಾಂ" ಎಂಬ ಉತ್ತರ ಬಂತು.

ರೇವಣಸಿದ್ಧ ಹೆಂಡತಿಯ ರಟ್ಟೆ ಹಿಡಿದುಕೊಂಡಿದ್ದ. ಯಾವಾಗ ಹಿಡಿದನೋ ಅವನಿಗೂ ತಿಳಿದಿರಲಿಲ್ಲ.

"ಕಣ್ಣಿಗೆ ಕಾಣಲಾರದ್ದು," ಎಂದ.

ಗಿಯರ್ ಪೆಟ್ಟಿಗೆಯಿಂದ ಎಣ್ಣೆ ಜಿನುಗಿ ಬ್ರೇಕಿನ ಪಟ್ಟಿಯನ್ನು ತೋಯಿಸಿತ್ತು. ಅದನ್ನು ತೆಗೆದು ಹೊಸದು ಹಾಕಿದರು. ಜೊತೆಗೆ ಕಿಲ್ನ್ ಹೊರಳದಂತೆ ಉಕ್ಕಿನ ಗೂಟಗಳನ್ನು ಜಡಿಯುವ ಏರ್ಪಾಡೂ ಆಯಿತು. ನಿಯಮದ ಮಾತನ್ನೂ ಸರ್ಕಾರ ತಿದ್ದಿತು. ಯಂತ್ರ ನಿಶ್ಚಲವಾಗಿರಬೇಕು ಎಂದಿದ್ದಲ್ಲಿ ಭೂಮಿಯ ಜೊತೆ ಸಮನಾಗಿ ತಿರುಗುತ್ತಿರಬೇಕು ಎಂದಾಯಿತು. ಇನಾಮದಾರರು ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಕಿಲ್ನಿನ ಬಾಗಿಲಿಗೆ ಹಾಕಿಸಿದರು. ಓದಿದ ಹೊಸಬರು ಒಂದು ಗಳಿಗೆ ನಿಂತು ಕಾಲ ಕೆಳಗಿನ ನೆಲ ನೋಡುತ್ತಿದ್ದರು.

ಕುಸಿದ ಇಟ್ಟಿಗೆ ತೆಗೆದು ಕೆಲಸ ಮತ್ತೆ ಶುರು ಮಾಡುವ ದಿನ ತಂಡದವರು ಬಾಗಿಲ ಹೊರಗೆ ಹಿಂದೆಮುಂದೆ ನೋಡುತ್ತ ನಿಂತರು. ಹಸಿರು ದೀಪ ಇತ್ತು. ಆದರೂ ಯಾರ ಕಾಲೂ ಏಳುತ್ತಿರಲಿಲ್ಲ. ರೇವಣಸಿದ್ಧ ಹೆಜ್ಜೆ ಮುಂದಿಟ್ಟಾಗ ಇಂದುಮತಿ ಅವನನ್ನು ತಡೆದಳು.

"ಮೊದಲ ನಾನು ಹೋಗ್ತೀನಿ. ದೀಪ ಹಚ್ಚಿದಾಕಿ ನಾನು."

ಇಷ್ಟು ವರ್ಷ ಹೊರಗಿನಿಂದ ಅಳೆದಿದ್ದಳೇ ಹೊರತು ಅವಳು ಕಿಲ್ನಿನೊಳಗೆ ಕಾಲಿಟ್ಟಿರಲಿಲ್ಲ. ಬಗ್ಗಿ ಒಳಗೆ ಹೋಗಿ ನೆಟ್ಟಗೆ ನಿಂತಳು. ಸುತ್ತ ದುಂಡನೆಯ ಕತ್ತಲು, ದೂರದ ತುದಿಯಲ್ಲಿ ಆಕಾಶದ ಒಂದು ಬಿಳಿ ತುಣುಕು. ಅವಳು ನಡೆದುಕೊಂಡು ನಡುಭಾಗದವರೆಗೆ ಹೋಗಿ, ತಣ್ಣನೆಯ ಉಕ್ಕಿನ ಮೇಲೆ ಕುಳಿತಳು. ಅವಳ ಉಸಿರೇ ಅವಳಿಗೆ ಕೇಳಿಸುವಷ್ಟು ನಿಶ್ಶಬ್ದ. ಈ ಕೊಳವೆ, ಅದರ ಕೆಳಗಿನ ಕಟ್ಟೆ, ಕಟ್ಟೆಯ ಕೆಳಗಿನ ಬಂಡೆ, ಬಂಡೆಯ ಕೆಳಗೆ ಯಾರೂ ಕಾಣದ ಬೆಂಕಿಯ ಆಳ, ಎಲ್ಲ ಕೂಡಿ ಅವಳನ್ನು ಹೊತ್ತು ಸೂರ್ಯ ಮೂಡುವ ದಿಕ್ಕಿಗೆ ಸಾಗುತ್ತಿದ್ದವು. ಎಷ್ಟು ವೇಗವಾಗಿ, ಎಷ್ಟು ಮೆತ್ತಗೆ! ಹೆದರಿಕೆಯಾಗಬಹುದು ಎಂದುಕೊಂಡಿದ್ದಳು. ಯಾರೋ ಎತ್ತಿಕೊಂಡಿದ್ದಾರೆ ಎನ್ನಿಸಿತು.

ಹಿಂದೆ ಹೆಜ್ಜೆ ಸದ್ದಾಯಿತು. ತಂಡದವರು ಒಬ್ಬರ ಹಿಂದೊಬ್ಬರು ಒಳಗೆ ಬರುತ್ತಿದ್ದರು. ಮುಂದಿದ್ದ ರೇವಣಸಿದ್ಧ ದೀಪ ಎತ್ತಿ ಹಿಡಿದ.

"ಯಾಕ ಸುಮ್ಮ ಕುಂತಿ?"

"ಕುಂತಿಲ್ಲ. ತಿರಗಲಕತ್ತೀನಿ."

"ಒಬ್ಬಾಕೇನಾ?"

"ಎಲ್ಲಾರೂ ಕೂಡೇ."

ಅವನು ಅವಳ ಪಕ್ಕದಲ್ಲಿ ದೀಪ ಇಟ್ಟು, ಮೊಣಕಾಲೂರಿ ಕುಳಿತು, ಉಕ್ಕಿನ ಮೇಲೆ ಒಂದು ಅಂಗೈ ಇಟ್ಟ. ಆಮೇಲೆ ಹಿಂದೆ ತಿರುಗಿ ತಂಡದವರ ಕಡೆ ಕೈ ಚಾಚಿದ.

"ಇಟ್ಟಂಗಿ ತರ್ರಿ."